ಫರ್ನೇಸಿನ ಮೇಲೆ ಹನ್ನೆರಡು ಡಬ್ಬಿ

ಪೀಣ್ಯ, ಹೊರಡುವ ಮುನ್ನ

ವಿದೇಶಕ್ಕೆ ಹೋಗಿ ಬಂದವನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಏನೇನು ನೋಡಿದಿರಿ? ನಾನು ಜರ್ಮನಿಯಿಂದ ಬಂದು ನಾಲ್ಕು ತಿಂಗಳಾಯಿತು. ದಾವಣಗೆರೆಯ ಬೀಗರಿಂದ ಹಿಡಿದು ರಾಜಾಜಿನಗರದ ನಮ್ಮ ಅಕ್ಕಪಕ್ಕದ ಮನೆಯವರವರೆಗೆ ಎಲ್ಲರಿಗೂ ಕೋಟೆ, ಸೇತುವೆ, ಹಿಮ ಇವುಗಳ ಕಥೆ ಬೇಕು. ನಾನು ಕೋಟೆ ನೋಡಲಿಲ್ಲ. ಹದಿನೆಂಟು ದಿನ ನಾನು ಕಣ್ಣಿಟ್ಟು ನೋಡಿದ್ದು ಒಂದು ಫರ್ನೇಸನ್ನು, ಅದರಲ್ಲೂ ಅದರ ನೆತ್ತಿಯನ್ನು. ಹಾಗೆಂದರೆ ಜನ ನಗುತ್ತಾರೆ. ನನಗೆ ಮಾತ್ರ ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಗುವವರಿಗೆ ಪ್ರತಿಸಲ ಬಾಯಲ್ಲಿ ಉತ್ತರ ಕೊಡುವುದು ಸಾಕಾಗಿ ಇದನ್ನು ಬರೆಯಲು ಕುಳಿತಿದ್ದೇನೆ.

ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಕಾರ್ಖಾನೆಯಲ್ಲಿ ನಾನು ಇನ್‌ಚಾರ್ಜ್. ಸುತ್ತಲಿನ ಶೆಡ್ಡುಗಳಲ್ಲಿ ಕಡೆದ ಗೇರು, ಪಿನ್ನು, ಶಾಫ್ಟುಗಳು ನಮ್ಮಲ್ಲಿಗೆ ಬರುತ್ತವೆ. ಅವನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುತ್ತೇವೆ. ಆಮೇಲೆ ಇನ್ನೊಂದು ಫರ್ನೇಸಿನಲ್ಲಿ ಹದವಾಗಿ ಕಾಯಿಸಿ ಅವುಗಳ ಬಿರುಸು ಕಳೆಯುತ್ತೇವೆ. ಈ ಎರಡನೆಯದಕ್ಕೆ ಟೆಂಪರಿಂಗ್ ಫರ್ನೇಸ್ ಎಂದು ಹೆಸರು. ನಮ್ಮಲ್ಲಿದ್ದದ್ದು ಇಟ್ಟಿಗೆ ಕಟ್ಟಿದ ಹಳೆಯ ಫರ್ನೇಸು. ಒಳಗಿನ ಶಾಖ ಹೊರಗೆ ಸೋರುತ್ತಿತ್ತು, ನೆತ್ತಿ ಚಪ್ಪಟೆಯಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ನಮ್ಮ ಹನ್ನೊಂದು ಜನ ಕೆಲಸಗಾರರು ತಮ್ಮ ಊಟದ ಡಬ್ಬಿಗಳನ್ನು ಅದರ ಮೇಲೆ ಸಾಲಾಗಿ ಇಟ್ಟರೆ, ಹನ್ನೆರಡೂವರೆಗೆ ಅವು ಆಗಷ್ಟೇ ಒಲೆಯಿಂದ ಇಳಿಸಿದ ಹಾಗೆ ಹಬೆಯಾಡುತ್ತಿದ್ದವು. ಮುಚ್ಚಳ ತೆಗೆಯುವ ಮೊದಲೇ ವಾಸನೆ ಹಿಡಿದು, ಇವತ್ತು ಯಾರ ಮನೆಯಲ್ಲಿ ಹುರುಳಿ, ಯಾರ ಮನೆಯಲ್ಲಿ ಸೊಪ್ಪು ಎಂದು ಹೇಳುವುದು ಒಂದು ಆಟ. ಎಣ್ಣೆ ಹೊಗೆ ಕುಡಿದ ಮೂಗುಗಳು, ಆದರೂ ಯಾವತ್ತೂ ತಪ್ಪುತ್ತಿರಲಿಲ್ಲ. ಇಡೀ ದಿನದಲ್ಲಿ ಅವರು ಜೋರಾಗಿ ನಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಆ ಫರ್ನೇಸಿನ ಆಪರೇಟರು ಮುನಿಯಪ್ಪ. ವಯಸ್ಸು ಐವತ್ತು ದಾಟಿದೆ. ಊರು ಇಲ್ಲೇ, ತುಮಕೂರು ರಸ್ತೆಯ ಆಚೆ. ಇಂಡಸ್ಟ್ರಿಯಲ್ ಎಸ್ಟೇಟ್ ಬರುವ ಮೊದಲು ನಮ್ಮ ಶೆಡ್ಡು ಇರುವ ಜಾಗದಲ್ಲಿ ಅವರ ಅಪ್ಪ ರಾಗಿ ಬಿತ್ತುತ್ತಿದ್ದರಂತೆ. ಮುನಿಯಪ್ಪನ ಡಬ್ಬಿಯಲ್ಲಿ ದಿನಾ ಮುದ್ದೆ. ಮುದ್ದೆ ತಿನ್ನುವವರಿಗೆ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳುತ್ತೇನೆ: ಬಿಸಿ ಇದ್ದರೆ ಅದು ಗಂಟಲಲ್ಲಿ ತಾನೇ ಇಳಿಯುತ್ತದೆ, ಆರಿದರೆ ಹೊರಗೆ ಗಟ್ಟಿಯಾಗಿ ಒಳಗೆ ಅಂಟಾಗಿ ಎದೆಯಲ್ಲಿ ನಿಲ್ಲುತ್ತದೆ.

ಒಂದು ದಿನ ಬೊಂಬಾಯಿಯ ದೊಡ್ಡ ಗಿರಾಕಿಯೊಬ್ಬರು ಕಾರ್ಖಾನೆ ನೋಡಲು ಬಂದರು. ಡಬ್ಬಿಗಳ ಸಾಲು ಕಂಡು "ಇದು ಫ್ಯಾಕ್ಟರಿಯೋ ಕ್ಯಾಂಟೀನೋ?" ಎಂದು ನಕ್ಕರು. ಗುಣಮಟ್ಟದ ಸರ್ಟಿಫಿಕೇಟಿಗೆ ಪೀಣ್ಯದ ಮಾಲೀಕರೆಲ್ಲ ಹುಚ್ಚು ಹತ್ತಿದವರಂತೆ ಓಡುತ್ತಿದ್ದ ಕಾಲ ಅದು. ನಮ್ಮ ಎಂ.ಡಿ.ಯವರ ಮುಖ ಸಪ್ಪಗಾಯಿತು. ಸಂಜೆ ನನ್ನನ್ನು ಕರೆದು, "ಮಹೇಶ್ವರಪ್ಪ, ಹೊಸ ಫರ್ನೇಸ್ ಜರ್ಮನಿಯಿಂದ ತರಿಸ್ತಾ ಇದೀನಿ. ಡಿಸ್ಪ್ಯಾಚ್‌ಗೆ ಮುಂಚೆ ಹೋಗಿ ನೋಡ್ಕೊಂಡ್ ಬರೋಕೆ ಒಬ್ರು ಬೇಕು. ನೀವು ಶಾಪಲ್ಲಿ ಜರ್ಮನ್ಸ್ ತರ ಸ್ವಲ್ಪ ಡಿಸಿಪ್ಲಿನ್ ತನ್ನಿ, ನಿಮ್ಮನ್ನೇ ಕಳಿಸ್ತೀನಿ" ಎಂದರು.

ಡಿಸಿಪ್ಲಿನ್ ತಂದೆ. ಫರ್ನೇಸಿನ ಮೇಲೆ ಊಟದ ಡಬ್ಬಿ ಇಡಕೂಡದು ಎಂದು ಇಂಗ್ಲಿಷಿನಲ್ಲಿ ನೋಟಿಸು ಟೈಪ್ ಮಾಡಿಸಿ, ಸಹಿ ಹಾಕಿ, ಗೋಡೆಗೆ ಅಂಟಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಹೊಸ ಫರ್ನೇಸಿನ ನೆತ್ತಿ ಚಪ್ಪಟೆ ಇರಬಾರದು, ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಜಾರಾಗಿರಬೇಕು, ಏನಿಟ್ಟರೂ ಜಾರಿ ಬೀಳಬೇಕು ಎಂದು ಕೈಯಾರೆ ಸ್ಕೆಚ್ ಬರೆದು ಆರ್ಡರಿನ ಜೊತೆ ಕಳಿಸಿಕೊಟ್ಟೆ. ಎಂ.ಡಿ. ಬೆನ್ನು ತಟ್ಟಿದರು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

ನೋಟಿಸು ಬಿದ್ದ ಮರುದಿನ ಮುನಿಯಪ್ಪ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದು ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿದರು. "ನೋಡಿ ಸಾರ್, ಬೆಳ್ಳೇ ಇಳೀತಿಲ್ಲ."

"ರೂಲ್ಸ್ ಮುನಿಯಪ್ಪ. ನಾನೇನು ಮಾಡ್ಲಿ?" ಎಂದೆ.

ಅವರು ಮತ್ತೆ ಆ ಮಾತು ಎತ್ತಲಿಲ್ಲ. ನಾನು ಹೊರಡುವ ಹಿಂದಿನ ದಿನ ಗೇಟಿನ ಹತ್ತಿರ ಸಿಕ್ಕಿ, "ಓಗ್ಬುಟ್ ಬನ್ನಿ ಸಾರ್. ಅಲ್ಲಿ ಕುಲ್ಮೆ ಮುಂದೆ ನಿಂತು ಕೆಲ್ಸ ಮಾಡೋ ಜನ ಊಟ ಎಂಗ್ ಮಾಡ್ತಾರೆ, ಅದೊಂದ್ ನೋಡ್ಕಂಡ್ ಬನ್ನಿ" ಎಂದರು. ಚುಚ್ಚಿದ್ದೋ, ನಿಜವಾಗಿ ಕೇಳಿದ್ದೋ ಗೊತ್ತಾಗಲಿಲ್ಲ.

ಮೊದಲ ದಿನ

ವಿಮಾನದ ಬಗ್ಗೆ ಬರೆಯುವುದಿಲ್ಲ. ಅದರಲ್ಲಿ ಕೂತಿದ್ದು ಬಿಟ್ಟರೆ ನಾನು ಮಾಡಿದ್ದು ಏನೂ ಇಲ್ಲ. ನನ್ನ ಪಕ್ಕದವನು ಮಾತ್ರ ಮೊದಲ ಬಾರಿ ಹೋಗುವವರಿಗೆ ಅಲ್ಲಿನ ಶಿಸ್ತು, ಅಲ್ಲಿನ ಶುಚಿ ಎಂದು ಎಂಟು ಗಂಟೆ ಉಪದೇಶ ಮಾಡಿ, ಇಳಿಯುವಾಗ ತಾನು ತಿಂದ ಕಡಲೆಕಾಯಿ ಸಿಪ್ಪೆಯನ್ನೆಲ್ಲ ಸೀಟಿನಲ್ಲೇ ಬಿಟ್ಟು ಹೋದ.

ನಾನು ಹೋದದ್ದು ನವೆಂಬರಿನಲ್ಲಿ. ಕಾರ್ಖಾನೆ ಇದ್ದದ್ದು ಸಣ್ಣ ಊರು. ನಮ್ಮ ಹರಿಹರದ ಅರ್ಧ ಬಂದೀತು. ರೈಲಿನಲ್ಲಿ ಎದುರು ಸೀಟಿನಲ್ಲಿ ಒಂದು ನಾಯಿ ತನ್ನ ಯಜಮಾನನ ಪಕ್ಕ ಗಂಭೀರವಾಗಿ ಕೂತಿತ್ತು. ಬೋಗಿ ತುಂಬ ಜನ, ಒಂದು ಮಾತಿಲ್ಲ. ನನ್ನ ಬ್ಯಾಗಿನಿಂದ ಶೇಂಗಾ ಚಟ್ನಿಪುಡಿಯ ವಾಸನೆ ಹೊರಟು ನಾಯಿ ಮಾತ್ರ ನನ್ನನ್ನು ಗುರುತಿಸಿತು.

ಮೊದಲ ಮಧ್ಯಾಹ್ನವೇ ನನಗೆ ಸಿಟ್ಟು ಬಂತು. ಹನ್ನೆರಡು ಗಂಟೆಗೆ ಗಂಟೆ ಬಾರಿಸಿದ ತಕ್ಷಣ ಕಾರ್ಖಾನೆಯವರೆಲ್ಲ ಒಬ್ಬರಿಗೊಬ್ಬರು "ಮಾಲ್‌ಟ್ಸೈಟ್" ಎನ್ನತೊಡಗಿದರು. ಊಟದ ಹೊತ್ತು ಎಂದು ಅದರ ಅರ್ಥವಂತೆ. ಎದುರು ಸಿಕ್ಕವರಿಗೆಲ್ಲ ಅದೇ ನಮಸ್ಕಾರ. ಮ್ಯಾನೇಜರು ಕಸ ಗುಡಿಸುವವನಿಗೆ ಹೇಳಿದ, ಕಸ ಗುಡಿಸುವವನು ನನಗೆ ಹೇಳಿದ. ಇಷ್ಟು ಸಂಭ್ರಮದಿಂದ ಕರೆಯುವವರು ಏನು ಬಡಿಸುತ್ತಾರೋ ಎಂದು ಆಸೆಯಿಂದ ಹೋದರೆ, ನಾನು ಸಸ್ಯಾಹಾರಿ ಎಂದು ಕೇಳಿ ತಿಳಿದುಕೊಂಡಿದ್ದ ಪುಣ್ಯಾತ್ಮರು ನನಗಾಗಿ ಎರಡು ತುಂಡು ಕಪ್ಪು ಬ್ರೆಡ್ಡು, ಒಂದು ತುಂಡು ಚೀಸು, ಒಂದು ಸೌತೆಕಾಯಿ ಇಟ್ಟಿದ್ದರು. ಎಲ್ಲವೂ ತಣ್ಣಗೆ. ಕಿಟಕಿಯ ಆಚೆ ಜಿಟಿಜಿಟಿ ಮಳೆ. ಹಲ್ಲು ಜುಮ್ಮೆನ್ನುವ ಬ್ರೆಡ್ಡನ್ನು ಅಗಿಯುತ್ತ ಇದೇನು ದರಿದ್ರ ದೇಶ ಎಂದು ಮನಸ್ಸಿನಲ್ಲೇ ಬೈದೆ. ಎರಡನೆಯ ತುತ್ತಿಗೆ ಮುನಿಯಪ್ಪನ ಹೆಬ್ಬೆರಳು ನೆನಪಾಯಿತು. ಬೈಗುಳ ಗಂಟಲಲ್ಲೇ ನಿಂತಿತು, ಬ್ರೆಡ್ಡಿನ ಜೊತೆಗೆ.

ನಾಲ್ಕನೆಯ ದಿನ: ರೇಡಿಯೇಟರು

ಮೂರು ದಿನ ತಣ್ಣಗೆ ತಿಂದ ಮೇಲೆ ನನ್ನ ಸಹನೆ ಮುಗಿಯಿತು. ನಾನು ಇಳಿದುಕೊಂಡಿದ್ದದ್ದು ಒಬ್ಬ ಹೆಂಗಸು ನಡೆಸುವ ಪುಟ್ಟ ವಸತಿಗೃಹ. ಮೆಟ್ಟಿಲಿಗೆ ಮೇಣ, ಪರದೆಗೆ ಇಸ್ತ್ರಿ, ಕಾಲೊರೆಸುವ ಬಟ್ಟೆ ಕೂಡ ಮಡಿಕೆ ಮಡಿಕೆ. ಅಡುಗೆಮನೆ ಅತಿಥಿಗಳಿಗಲ್ಲ. ಕೋಣೆಯಲ್ಲಿ ಚಳಿಗೆಂದು ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರು ಇತ್ತು. ಮನೆಯಿಂದ ಹೆಂಡತಿ ಗಿರಿಜಾ ರವೆ ಹುರಿದು ಒಗ್ಗರಣೆ ಹಾಕಿ ಕಟ್ಟಿಕೊಟ್ಟಿದ್ದಳು. ನಲ್ಲಿಯ ಬಿಸಿನೀರು ಬೆರೆಸಿ, ಡಬ್ಬಿಯಲ್ಲಿ ಹಾಕಿ, ರೇಡಿಯೇಟರಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಹೊಟ್ಟೆ ತುಂಬ ಬಿಸಿ ಉಪ್ಪಿಟ್ಟು ತಿನ್ನುವ ಖುಷಿಯಲ್ಲಿ ಹಾಡು ಕೂಡ ಗುನುಗಿದೆ.

ಬಂದು ನೋಡಿದರೆ ಮುಚ್ಚಳ ಓರೆಯಾಗಿ, ಅರಿಸಿನದೆಣ್ಣೆ ಬಸಿದು, ಆಕೆಯ ಬಿಳಿ ಗೋಡೆಕಾಗದದ ಮೇಲೆ ಒಂದು ಮೊಳ ಉದ್ದ ಹಳದಿ ಗೆರೆ. ವಾಸನೆಗೆ ಆಕೆ ಮಹಡಿ ಹತ್ತಿ ಬಂದೇಬಿಟ್ಟಳು. ಸುಮಾರು ಐದು ನಿಮಿಷ ಬೈದಳು. ಒಂದು ಪದವೂ ತಿಳಿಯಲಿಲ್ಲ, ಬೈಗುಳ ಪೂರ್ತಿ ತಿಳಿಯಿತು. ರೇಡಿಯೇಟರಿನ ಮೇಲೆ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ್ದ ಒಂದು ಫಲಕವನ್ನು ಬೆರಳಿನಿಂದ ಬಡಿದು ಬಡಿದು ತೋರಿಸಿದಳು. ಅದನ್ನು ನಾನು ನಾಲ್ಕು ದಿನವೂ ನೋಡಿದ್ದೆ, ದೇವರ ವಾಕ್ಯವೇನೋ ಅಂದುಕೊಂಡಿದ್ದೆ. ಅದರಲ್ಲಿ ಬರೆದದ್ದು ಇದರ ಮೇಲೆ ಏನನ್ನೂ ಇಡಕೂಡದು ಎಂದು.

ನನಗೆ ಓದಲು ಬಾರದ ಭಾಷೆಯಲ್ಲಿ ನೋಟಿಸು ಹಾಕಿ ನನ್ನನ್ನೇ ಬೈಯುವುದು ಯಾವ ನ್ಯಾಯ ಎಂದು ಕುದಿಯುತ್ತ ಕೂತೆ. ಹಾಗೆ ಕುದಿಯುವ ಹಕ್ಕು ನನಗೆ ಒಂದಿಷ್ಟೂ ಇರಲಿಲ್ಲ. ನಮ್ಮ ಹನ್ನೊಂದು ಜನರಲ್ಲಿ ಇಂಗ್ಲಿಷು ಓದಬಲ್ಲವರು ಇಬ್ಬರು.

ಇಷ್ಟಾದರೂ ಆ ಹೆಂಗಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ನೆಲದ ಮೇಲೆ ಒಂದು ಫ್ಲಾಸ್ಕು, ತುಂಬ ಕುದಿಯುವ ನೀರು. ಅಲ್ಲಿರುವಷ್ಟು ದಿನವೂ ಅದು ತಪ್ಪಲಿಲ್ಲ. ಆಕೆ ನನ್ನನ್ನು ನೋಡಿ ಒಮ್ಮೆಯೂ ನಗಲಿಲ್ಲ, ಗೋಡೆಯ ಕಲೆಯನ್ನೂ ಮರೆಯಲಿಲ್ಲ, ಆದರೆ ಬೇಡ ಎಂದವಳು ಬೇರೆ ದಾರಿ ಮಾಡಿಕೊಟ್ಟಳು. ನಾನು ಬೇಡ ಎಂದು ಬರೆದು ಸಹಿ ಹಾಕಿ ಕೈತೊಳೆದುಕೊಂಡಿದ್ದೆ.

ಶುಕ್ರವಾರ: ಸೇಬು ಉರುಳಿದ್ದು

ನಮ್ಮ ಫರ್ನೇಸನ್ನು ಜೋಡಿಸುತ್ತಿದ್ದವರ ಪೈಕಿ ಹಿರಿಯರು ಹೆಲ್ಮುಟ್ ಎಂಬವರು. ಅರವತ್ತರ ಹತ್ತಿರ ಬಂದ ಫಿಟ್ಟರು, ಬೆರಳು ಒಂದೊಂದೂ ಬಾಳೆಕಾಯಿಯ ದಪ್ಪ. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು, ಆದ್ದರಿಂದ ಚೆನ್ನಾಗಿ ಹೊಂದಿಕೆಯಾಯಿತು. ಶುಕ್ರವಾರ ಫರ್ನೇಸನ್ನು ಮೊದಲ ಬಾರಿ ಕಾಯಿಸುವ ದಿನ. ನಮ್ಮಲ್ಲಾದರೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕಾಯಿ ಒಡೆಯುತ್ತೇವೆ. ಇಲ್ಲಿ ಅಂಥದ್ದೇನೂ ಇರಲಾರದು ಎಂದುಕೊಂಡು ಮೀಟರು ನೋಡುತ್ತ ನಿಂತಿದ್ದೆ.

ಇತ್ತು. ಹೆಲ್ಮುಟ್ ಒಂದು ತಟ್ಟೆ ತುಂಬ ಸೇಬು ಹಿಡಿದು ಬಂದರು. ತಿರುಳು ಕೊರೆದು ಒಳಗೆ ಸಕ್ಕರೆ, ದ್ರಾಕ್ಷಿ ತುಂಬಿದ್ದರು. ಈ ಕಾರ್ಖಾನೆಯಿಂದ ಹೊರಬೀಳುವ ಯಾವ ಫರ್ನೇಸೂ ಮೊದಲು ಕಬ್ಬಿಣ ಕಾಯಿಸುವುದಿಲ್ಲವಂತೆ. ಮೊದಲು ಕಟ್ಟಿದವರ ಬಾಯಿಗೆ ಏನಾದರೂ ಬೇಯಿಸಿಕೊಡಬೇಕಂತೆ. ಹಿಂದೆ ಯಾರೋ ಶುರುಮಾಡಿದ್ದು, ಯಾರೂ ನಿಲ್ಲಿಸಿಲ್ಲ. ಮುಕ್ಕಾಲು ಗಂಟೆ ಕಳೆದು ಬಾಗಿಲು ತೆಗೆದಾಗ ಬಂದ ಪರಿಮಳಕ್ಕೆ ಇಡೀ ಶಾಪಿನ ಜನ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಐದು ದಿನದಿಂದ ಗಡಿಯಾರದ ಮುಳ್ಳಿನ ಹಾಗೆ ಕಂಡಿದ್ದವರು ಈಗ ಶಾಲೆ ಬಿಟ್ಟ ಮಕ್ಕಳಂತೆ ಒಬ್ಬರನ್ನೊಬ್ಬರು ತಳ್ಳಾಡಿದರು. ಆಗ ಗಮನಿಸಿದೆ: ಪಕ್ಕದ ಹಳೆಯ ಫರ್ನೇಸಿನ ನೆತ್ತಿಯ ಮೇಲೆ ಮೂರು ತಗಡಿನ ಡಬ್ಬಿ, ಒಂದು ಕೆಟಲು, ಫಾಯಿಲಿನಲ್ಲಿ ಸುತ್ತಿದ ಆಲೂಗಡ್ಡೆಗಳು. ನನಗೆ ತಣ್ಣಗಿನ ಬ್ರೆಡ್ಡು ಬಂದದ್ದು ಅತಿಥಿ ಎಂಬ ಮರ್ಯಾದೆಗೆ, ಆಫೀಸಿನವರ ಊಟದ ಕೋಣೆಯಲ್ಲಿ. ಕುಲುಮೆಯ ಮುಂದೆ ನಿಲ್ಲುವವರು ಇಲ್ಲಿ ಬಿಸಿಬಿಸಿಯಾಗಿ ತಿನ್ನುತ್ತಿದ್ದರು.

ಸಿಟ್ಟು ನೆತ್ತಿಗೇರಿತು. ಯಾರ ಶಿಸ್ತನ್ನು ತೋರಿಸಿ ನಮ್ಮ ಎಂ.ಡಿ. ಪಾಠ ಹೇಳಿದ್ದರೋ, ಆ ಜನರ ಫರ್ನೇಸಿನ ಮೇಲೆ ಆಲೂಗಡ್ಡೆ ಬೇಯುತ್ತಿತ್ತು! ಅದೂ ಆ ಕಾರ್ಖಾನೆಯ ಗೋಡೆಯ ಮೇಲೆ ನಮ್ಮವರು ಕನಸಿನಲ್ಲೂ ಕನವರಿಸುವ ಸರ್ಟಿಫಿಕೇಟು ಗಾಜಿನೊಳಗೆ ತೂಗುತ್ತಿರುವಾಗ.

ಅಷ್ಟರಲ್ಲಿ ಹೆಲ್ಮುಟ್ ಸೇಬಿನ ಬಿಸಿ ತಟ್ಟೆಯನ್ನು ಹೊರತೆಗೆದು, ನಲವತ್ತು ವರ್ಷದ ಅಭ್ಯಾಸದಂತೆ, ನೋಡದೆಯೇ ನಮ್ಮ ಫರ್ನೇಸಿನ ನೆತ್ತಿಯ ಮೇಲಿಟ್ಟರು. ತಟ್ಟೆ ಸರ್ರೆಂದು ಜಾರಿತು. ಸೇಬುಗಳು ನೆಲಕ್ಕೆ ಬಿದ್ದು ಎಣ್ಣೆ ಕಲೆಯ ಮೇಲೆ ಉರುಳಿದವು. ಒಂದು ನನ್ನ ಬೂಟಿಗೆ ಬಂದು ತಾಗಿ ನಿಂತಿತು. ಯಾರೂ ನಗಲಿಲ್ಲ.

ಹೆಲ್ಮುಟ್ ನನ್ನ ಕಡೆ ತಿರುಗಿದರು. "ಈ ಇಳಿಜಾರು ಮಾಡು ಯಾಕೆ ಎಂದು ಮೂರು ತಿಂಗಳಿಂದ ನಾವೆಲ್ಲ ಕೇಳಿಕೊಳ್ಳುತ್ತಿದ್ದೇವೆ. ನಿಮ್ಮ ಕಾರ್ಖಾನೆಯ ಒಳಗೆ ಮಳೆ ಬರುತ್ತದೆಯೇ?"

"ಹೌದು," ಎಂದುಬಿಟ್ಟೆ. "ಶೀಟು ಸೋರುತ್ತದೆ."

ಶನಿವಾರ, ಭಾನುವಾರ

ಸುಳ್ಳು ಹೇಳಿದರೆ ಬುದ್ಧಿ ಕಡಿಮೆ ಇರುವವರಿಗೆ ಹೇಳಬೇಕು, ಶ್ರದ್ಧೆ ಹೆಚ್ಚಿರುವವರಿಗೆ ಹೇಳಬಾರದು. ಶನಿವಾರ ರಜೆ. ಆದರೂ ಹೆಲ್ಮುಟ್ ಇಬ್ಬರನ್ನು ಕರೆದುಕೊಂಡು ವಸತಿಗೃಹಕ್ಕೇ ಬಂದರು. ಫರ್ನೇಸಿನ ಮೇಲೆ ನೀರು ಬೀಳುವುದಾದರೆ ಕಂಟ್ರೋಲ್ ಪೆಟ್ಟಿಗೆಗೂ ಬೀಳುತ್ತದೆ, ಜನಕ್ಕೆ ಶಾಕ್ ಹೊಡೆಯುತ್ತದೆ, ಆದ್ದರಿಂದ ಅದಕ್ಕೂ ರಬ್ಬರಿನ ಅಂಚು ಹಾಕಬೇಕು ಎಂದು ರಾತ್ರಿಯೆಲ್ಲ ಯೋಚಿಸಿದ್ದರಂತೆ. ಮಳೆ ಎಷ್ಟು ತಿಂಗಳು, ಗಾಳಿ ಯಾವ ಕಡೆಯಿಂದ, ಶೀಟಿನ ತೂತು ಎಷ್ಟು ದೊಡ್ಡದು ಎಂದು ಕಾಗದ ಪೆನ್ನು ಹಿಡಿದು ಕೇಳಿದರು. ಪೀಣ್ಯದ ಮೇಲೆ ನಾನು ಚಿರಾಪುಂಜಿಯ ಮಳೆ ಸುರಿಸಿದೆ. ಮೂವರೂ ಮರುಕದಿಂದ ತಲೆಯಾಡಿಸಿದರು.

ಭಾನುವಾರ ಊರೆಲ್ಲ ಮುಚ್ಚಿತ್ತು. ತಲೆ ಕೆಟ್ಟು ನಡೆಯುತ್ತ ಹೋದೆ. ಒಂದೂ ಗಾಡಿಯಿಲ್ಲದ ರಸ್ತೆಯಲ್ಲಿ ಒಬ್ಬ ಅಜ್ಜಿ ಕೆಂಪು ದೀಪ ಹಸಿರಾಗಲಿ ಎಂದು ಕಾಯುತ್ತಿದ್ದಳು. ಪೀಣ್ಯದವನಾದ ನಾನು ದಾಟಿಬಿಟ್ಟೆ, ಅಜ್ಜಿ ಹಿಂದಿನಿಂದ ಗದರಿದಳು. ಈ ದೇಶಕ್ಕೆ ಬಂದಾಗಿನಿಂದ ಹೆಂಗಸರ ಕೈಲಿ ಬೈಸಿಕೊಳ್ಳುವುದೇ ಆಯಿತು ಎಂದುಕೊಂಡೆ. ಮುಂದೆ ಹೊಳೆಯ ಪಕ್ಕದ ಬೆಂಚಿನಲ್ಲಿ ಅದೇ ಅಜ್ಜಿ ಬಂದು ಕೂತು, ಕೈಚೀಲದಿಂದ ಸಣ್ಣ ಫ್ಲಾಸ್ಕು ತೆಗೆದು, ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಮೊದಲು ಹಬೆಯನ್ನು ಮುಖಕ್ಕೆ ತೆಗೆದುಕೊಂಡಳು. ಆಮೇಲೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಅಷ್ಟೇ. ಮುನಿಯಪ್ಪನೂ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹೀಗೇ ಮುಖ ಬಗ್ಗಿಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ಎದ್ದು ಹೆಂಡತಿ ತೊಳಸಿದ ಮುದ್ದೆಯ ಹಬೆ ಅದು. ಇಷ್ಟು ಸಣ್ಣ ಸುಖ. ಯಾರ ಗಂಟೂ ಹೋಗುತ್ತಿರಲಿಲ್ಲ. ಫರ್ನೇಸು ಹೇಗಿದ್ದರೂ ಕಾದಿರುತ್ತಿತ್ತು, ಶಾಖ ಹೇಗಿದ್ದರೂ ಪೋಲಾಗುತ್ತಿತ್ತು. ಅದನ್ನು ಕಿತ್ತುಕೊಂಡು ನಾನು ವಿಮಾನ ಹತ್ತಿದ್ದೆ. ಹೊಳೆಯ ದಂಡೆಯಲ್ಲಿ ನಿಂತು ನನಗೆ ನಾನೇ ಹೊಡೆದುಕೊಳ್ಳಬೇಕು ಎನಿಸಿತು.

ಸೋಮವಾರ

ಬೆಳಿಗ್ಗೆ ಹೋಗುವಷ್ಟರಲ್ಲಿ ಕಂಟ್ರೋಲ್ ಪೆಟ್ಟಿಗೆಗೆ ರಬ್ಬರಿನ ಅಂಚು ಅರ್ಧ ಕೂತಿತ್ತು. ಹೆಲ್ಮುಟ್ ಮಂಡಿಯೂರಿ ಕೆಲಸ ಮಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನಿಲ್ಲಿಸಿ. ನಮ್ಮ ಶೀಟು ಸೋರುವುದಿಲ್ಲ," ಎಂದೆ. ಆಮೇಲೆ ಎಲ್ಲ ಹೇಳಿದೆ. ಡಬ್ಬಿ, ಬೊಂಬಾಯಿಯ ಗಿರಾಕಿ, ನೋಟಿಸು, ಸ್ಕೆಚ್ಚು. ಮುದ್ದೆ ಎಂದರೇನು ಎಂದು ವಿವರಿಸಲು ಆಗಲಿಲ್ಲ. ಕೈಯಲ್ಲಿ ಉಂಡೆ ಮಾಡಿ ತೋರಿಸಿ, ತಣ್ಣಗಾದರೆ ಕಲ್ಲು ಎಂದೆ.

ಅವರು ಎದ್ದು ನಿಂತು ಕೈ ಒರೆಸಿಕೊಂಡರು. "ಊಟ ಇಡಬಾರದು ಎಂದು ಈ ಇಳಿಜಾರು?"

"ಹೌದು."

"ಇದನ್ನು ಬರೆದವನು ನೀನು?"

"ನಾನೇ."

"ಎಷ್ಟು ಜನ?"

"ಹನ್ನೊಂದು."

"ನಿನ್ನ ಊಟ ಎಲ್ಲಿ ಬಿಸಿ ಮಾಡುತ್ತೀಯ?"

ಈ ಪ್ರಶ್ನೆಯನ್ನು ಪೀಣ್ಯದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ಪರೀಕ್ಷೆಯ ಲ್ಯಾಬಿನಲ್ಲಿ ಒಂದು ಸಣ್ಣ ಕರೆಂಟಿನ ಓವನ್ನು ಇದೆ. ನನ್ನ ಡಬ್ಬಿ, ಆಫೀಸಿನವರ ಡಬ್ಬಿ ಅದರಲ್ಲಿರುತ್ತಿತ್ತು. ನೋಟಿಸು ಹಾಕಿದ ಮೇಲೂ ಅಲ್ಲೇ ಇತ್ತು. ಲ್ಯಾಬಿಗೆ ಬಾಗಿಲಿದೆ, ಬಾಗಿಲಿಗೆ ಪರದೆಯಿದೆ, ಬೊಂಬಾಯಿಯ ಗಿರಾಕಿ ಅಲ್ಲಿಗೆ ಇಣುಕಿರಲಿಲ್ಲ. ನಾನು ಬಗ್ಗಿ ನೆಲದ ಮೇಲಿದ್ದ ರಬ್ಬರಿನ ತುಂಡೊಂದನ್ನು ಎತ್ತಿಕೊಂಡೆ. ಹೆಲ್ಮುಟ್‌ಗೆ ಅರ್ಥವಾಯಿತು ಎಂದು ಅವರ ಮುಖ ನೋಡಿಯೇ ತಿಳಿಯಿತು. ನಮ್ಮ ಆರ್ಡರಿನ ನಕ್ಷೆ ತಂದು ಮೇಜಿನ ಮೇಲೆ ಹಾಸಿ, ಒಂದು ಕೆಂಪು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು.

ಬೆಂಗಳೂರಿಗೆ ಫೋನ್ ಮಾಡಿದೆ. ಎಂ.ಡಿ. ಪೂರ್ತಿ ಕೇಳಲೇ ಇಲ್ಲ.

"ಏನ್ರೀ ಮಹೇಶ್ವರಪ್ಪ, ನಿಮ್ಮನ್ನ ಫರ್ನೇಸ್ ನೋಡೋಕೆ ಕಳ್ಸಿದ್ದೋ, ಡಬ್ಬಿ ನೋಡೋಕೋ? ಸ್ಲೋಪ್ ಇರ್ಲಿ. ಸೈನ್ ಮಾಡ್ಬಿಟ್ಟು ಬನ್ನಿ."

"ಸಾರ್, ಇಲ್ಲಿ ಇವರೇ ಫರ್ನೇಸ್ ಮೇಲೆ ಆಲೂಗಡ್ಡೆ—"

"ಅವ್ರು ಏನ್ ಬೇಕಾದ್ರೂ ಮಾಡ್ತಾರ್ರೀ. ಅವ್ರು ಜರ್ಮನ್ಸ್."

ಫೋನ್ ಇಟ್ಟೆ. ಫರ್ನೇಸಿನ ಮೇಲೆ ಅವರು ಇಟ್ಟರೆ ಅಭ್ಯಾಸ, ನಾವು ಇಟ್ಟರೆ ಅಶಿಸ್ತು. ಆ ಒಂದು ಮಾತಿಗೆ ನನ್ನೊಳಗೆ ಏನೋ ಕಡಿದುಹೋಯಿತು. ಕೆಂಪು ಪೆನ್ಸಿಲಿನಿಂದ ಇಳಿಜಾರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಬರೆದೆ: ಖರೀದಿದಾರರ ಪ್ರತಿನಿಧಿಯ ಕೋರಿಕೆಯಂತೆ ಬದಲಾವಣೆ. ಕೆಳಗೆ ಸಹಿ ಹಾಕಿದೆ.

ಕೊನೆಯ ವಾರ

ನೆತ್ತಿ ಚಪ್ಪಟೆ ಮಾಡಿದರೆ ಸಾಲದು ಎಂದು ಹೆಲ್ಮುಟ್ ಹೇಳಿದರು. ಹೊಸ ಫರ್ನೇಸು ನಮ್ಮ ಹಳೆಯದರಂತೆ ಶಾಖ ಸೋರುವುದಿಲ್ಲ, ನೆತ್ತಿ ಬೆಚ್ಚಗೂ ಆಗುವುದಿಲ್ಲ. ಆದರೆ ಹಿಂಬದಿಯಿಂದ ಹೊಗೆ ಹೊರಹೋಗುವ ಕೊಳವೆಯ ಮೈ ಮಾತ್ರ ಚೆನ್ನಾಗಿ ಕಾಯುತ್ತದೆ. ಅದರ ಸುತ್ತ ದಪ್ಪ ತಗಡಿನ ಒಂದು ಕಟ್ಟೆ ಬೆಸೆದರು. ಹೊಗೆ ಡಬ್ಬಿಗೆ ತಾಗುವುದಿಲ್ಲ, ಶಾಖ ತಾಗುತ್ತದೆ. ಡಬ್ಬಿ ಬೀಳದಂತೆ ಅಂಚಿಗೆ ಕಂಬಿ. ನನ್ನ ಉಪ್ಪಿಟ್ಟಿನ ಡಬ್ಬಿಯನ್ನು ಅಳತೆಗೆ ತೆಗೆದುಕೊಂಡು ಜಾಗ ಗುರುತು ಮಾಡಿದರು. ನಾಲ್ಕು ಸಂಜೆ, ಅವರ ಕೆಲಸದ ಹೊತ್ತು ಮುಗಿದ ಮೇಲೆ. ಮುಗಿದಾಗ ಎಣಿಸಿದೆ, ಹನ್ನೆರಡು ಜಾಗ.

"ಹನ್ನೊಂದು ಜನ ಎಂದಿದ್ದೆನಲ್ಲ," ಎಂದೆ.

ಹೆಲ್ಮುಟ್ ನನ್ನ ಡಬ್ಬಿಯನ್ನು ಹನ್ನೆರಡನೆಯ ಜಾಗದಲ್ಲಿಟ್ಟು ಕೈ ಒರೆಸಿಕೊಂಡರು.

ಮತ್ತೆ ಪೀಣ್ಯ

ಹಡಗಿನಲ್ಲಿ ಬಂದ ಪೆಟ್ಟಿಗೆ ಒಡೆದು ಫರ್ನೇಸು ನಿಲ್ಲಿಸುವಷ್ಟರಲ್ಲಿ ಮಾರ್ಚ್ ಕಳೆದಿತ್ತು. ಪೂಜೆಯ ದಿನ ಎಂ.ಡಿ. ಕಟ್ಟೆಯನ್ನು ನೋಡಿದರು. ಎಲ್ಲರ ಮುಂದೆ ಕೂಗಾಡಲಿಲ್ಲ. ಪಕ್ಕಕ್ಕೆ ಕರೆದು, "ನನ್ ಮಾತು ಮೀರಿ ಮಾಡ್ಸಿದೀರಿ. ಆಯ್ತು, ಇರ್ಲಿ ಅದು. ನೋಟಿಸ್ ಇನ್ನೂ ಗೋಡೆ ಮೇಲಿದೆಯಲ್ಲ, ನಿಮ್ಮದೇ ಸೈನು. ಯಾರು ಇಡ್ತಾರೋ ನೋಡ್ತೀನಿ" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಒಂದು ವಾರ ಯಾರೂ ಇಡಲಿಲ್ಲ. ಇಡಿ ಎಂದು ನಾನು ಬಾಯಲ್ಲಿ ಹೇಳಿದೆ. ಹೆಲ್ಮುಟ್ ಕಥೆಯನ್ನೂ ಹೇಳಿದೆ. ಎಲ್ಲರೂ ಕೇಳಿ, ತಲೆಯಾಡಿಸಿ, ತಣ್ಣಗಿನ ಡಬ್ಬಿ ಹಿಡಿದು ಶೆಡ್ಡಿನ ಹಿಂದಕ್ಕೆ ಹೋದರು. ಕಟ್ಟೆ ಖಾಲಿಯಾಗಿ ಕಾಯುತ್ತಿತ್ತು. ನನಗೆ ಅವರ ಮೇಲೂ ಸಿಟ್ಟು ಬಂತು. ನಾನು ಕೆಲಸ ಹೋದರೆ ಹೋಗಲಿ ಎಂದು ಮಾಡಿಸಿಕೊಂಡು ಬಂದರೆ ಇವರಿಗೇನು ಧಿಮಾಕು? ಎಂಟನೆಯ ದಿನ ಮುನಿಯಪ್ಪನನ್ನು ತಡೆದು ಕೇಳಿಯೇಬಿಟ್ಟೆ.

"ಯಾಕ್ರೀ ಇಡಲ್ಲ? ನಾನು ಹೇಳ್ತಾ ಇಲ್ವಾ?"

"ಏಳ್ತೀರಿ ಸಾರ್. ಬಾಯಲ್ಲಿ ಏಳ್ತೀರಿ." ಮುನಿಯಪ್ಪ ಗೋಡೆಯ ಕಡೆ ಗದ್ದ ಎತ್ತಿದರು. "ಬ್ಯಾಡ ಅಂತ ಬರ್ದು ಸೈನ್ ಆಕಿದ್ರಿ. ಇಡಬೋದು ಅನ್ನೋದ್ನೂ ಬರ್ದು ಸೈನ್ ಆಕಿ. ನಾಳೆ ಯಾರಾದ್ರೂ ಕೇಳಿದ್ರೆ ನಾವು ಯಾರ ಮಾತು ತೋರ್ಸೋಣ?"

ನೇರ ಗೋಡೆಯ ಹತ್ತಿರ ಹೋಗಿ ಹಳೆಯ ನೋಟಿಸನ್ನು ಕಿತ್ತೆ. ಲಾಗ್‌ಬುಕ್ಕಿನ ಒಂದು ಹಾಳೆ ಹರಿದು, ಎಲ್ಲರೂ ನೋಡುತ್ತಿದ್ದ ಹಾಗೆ, ಕನ್ನಡದಲ್ಲಿ ದೊಡ್ಡದಾಗಿ ಬರೆದೆ: ಈ ಕಟ್ಟೆಯ ಮೇಲೆ ಹನ್ನೊಂದು ಜನ ಊಟದ ಡಬ್ಬಿ ಇಡಬಹುದು. ಮೊದಲಿನ ನೋಟಿಸು ನನ್ನ ತಪ್ಪು. ಕೆಳಗೆ ಹೆಸರು, ಹುದ್ದೆ, ಸಹಿ.

ಮುನಿಯಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ನನ್ನನ್ನು ನೋಡಿದರು.

"ಅನ್ನೆರಡು ಅಂತ ಮಾಡಿ ಸಾರ್. ಆ ಲ್ಯಾಬಿನ ಓವನ್ನೊಳಗಿರೋ ನಿಮ್ ಡಬ್ಬೀನೂ ಈಚೆ ತನ್ನಿ."

ಅಂದರೆ ಇವರಿಗೆ ಗೊತ್ತಿತ್ತು. ಇಷ್ಟು ತಿಂಗಳೂ ಎಲ್ಲರಿಗೂ ಗೊತ್ತಿತ್ತು. ಮುಖ ಬಿಸಿಯಾಯಿತು, ಕಿವಿಯವರೆಗೆ. ಹನ್ನೊಂದನ್ನು ಹೊಡೆದು ಹನ್ನೆರಡು ಎಂದು ತಿದ್ದಿದೆ. ಲ್ಯಾಬಿಗೆ ಹೋಗಿ ಡಬ್ಬಿ ತಂದೆ.

ಮರುದಿನ ಹತ್ತೂವರೆಗೆ ಕಟ್ಟೆಯ ಮೇಲೆ ಹನ್ನೆರಡು ಡಬ್ಬಿ ಕೂತವು. ಹನ್ನೆರಡೂವರೆಗೆ ಮುಚ್ಚಳಗಳು ತೆರೆದವು. "ಬಸ್ಸಾರು, ಮುನಿಯಪ್ಪಂದು!" ಎಂದು ಯಾರೋ ಕೂಗಿದರು. ಮುನಿಯಪ್ಪ ಹಬೆಗೆ ಮುಖ ಬಗ್ಗಿಸಿದರು, ಆಮೇಲೆ ಹೆಬ್ಬೆರಳನ್ನು ಮುದ್ದೆಗೆ ಒತ್ತಿದರು. ಬೆರಳು ಇಳಿಯಿತು. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನನ್ನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟರು. ನಾನು ಎಲ್ಲರ ಜೊತೆ ನೆಲದ ಮೇಲೆ ಕೂತಿದ್ದೆ.

ಆಗಲೇ ಆಫೀಸಿನ ಗುಮಾಸ್ತರು ಬಂದು ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. ತೆರೆದರೆ ಎಂ.ಡಿ.ಯವರ ಮೆಮೊ, ಇಂಗ್ಲಿಷಿನಲ್ಲಿ: ಗೋಡೆಯ ನೋಟಿಸು ಕಿತ್ತದ್ದಕ್ಕೆ ಕಾರಣ ಕೊಡಿ ಎಂಬ ಮೊದಲ ಸಾಲು ಕಣ್ಣಿಗೆ ಬಿತ್ತು. ಎಲ್ಲರೂ ತುತ್ತು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಅದನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡೆ. ಮುದ್ದೆ ಬಿಸಿಯಾಗಿತ್ತು. ಊಟ ಮುಗಿಸಿ, ಕೈ ತೊಳೆದು, ಆಮೇಲೆ ಓದಿದೆ.